ಯಾವ ಗಿರಿ?

ಹೋದ ವಾರ ಮುಂಜಾನೆ ಚಿಕ್ಕಮ್ಮನ ಮನೆಯ ಅಂಗಳಕ್ಕೆ ಕಾಲಿಡುವ ಮೊದಲೇ ಘಾಟು ಮೂಗಿಗೆ ಹತ್ತಿತು. ಬೆರಣಿಯ ಮೇಲೆ ಒಣಮೆಣಸಿನಕಾಯಿ ಸುರಿದು ಹೊಲದ ಅಂಚಿನಲ್ಲಿ ಸುಡುವ ಹೊಗೆ ಅದು. ರಾಗಿ ತೆನೆ ಬಲಿತಾಗ ಸಾನಮಾವು ಕಾಡಿನ ಸುತ್ತಲಿನ ಊರುಗಳಲ್ಲೆಲ್ಲ ಈ ಹೊಗೆ ಏಳುತ್ತದೆ. ಆನೆಗಳಿಗೆ ಅದು ಆಗದು. ನನಗೂ ಆಗದು. ಕೆಮ್ಮುತ್ತ ಬೇಲಿಯ ಕಲ್ಲುಕಂಬ ಹಿಡಿದು ನಿಂತೆ. ಎರಡು ವರ್ಷದ ಹಿಂದಿನ ಒಂದು ಸುಗ್ಗಿ ಈಗಲೂ ಆ ಹೊಗೆಯೊಳಗೇ ಇದೆ. ಅಲ್ಲಿಂದ ನಾನಿನ್ನೂ ಹೊರಗೆ ಬಂದಿಲ್ಲ.

ನಾನು ಹೊಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಗಣಿತ ಕಲಿಸುವವಳು. ತಪ್ಪು ಕಂಡರೆ ಅದರ ಹೆಸರು ಹಿಡಿದು ಹೇಳಬೇಕು, ಸುಮ್ಮನಿರುವುದೂ ಒಂದು ತಪ್ಪು ಎಂದು ಕಲಿಸಿದ ಮೇಷ್ಟರುಗಳ ಕೈಯಲ್ಲಿ ಓದಿದವಳು. ಆ ಪಾಠವನ್ನು ನಾನು ಮರೆತಿಲ್ಲ. ಈ ಬರಹದಲ್ಲಿಯೂ ಒಂದೊಂದು ತಪ್ಪನ್ನೂ ಅದರ ಜಾಗದಲ್ಲಿ ಹೇಳುತ್ತ ಹೋಗುತ್ತೇನೆ.

ನಮ್ಮ ಊರು ಸಾನಮಾವು ಕಾಡಿಗೂ ಸೂಳಗಿರಿಗೂ ನಡುವೆ ಇದೆ, ತಾಲ್ಲೂಕು ಸೂಳಗಿರಿಯೇ. ಸುಗ್ಗಿಯ ಕಾಲದಲ್ಲಿ ಆನೆಯ ಹಿಂಡುಗಳು ಕಾಡಿಗೆ ಬಂದು ತಿಂಗಳುಗಟ್ಟಲೆ ಬೀಡುಬಿಡುತ್ತವೆ. ಅವು ಯಾವ ದಿಕ್ಕಿಗೆ ಹೊರಟಿವೆ ಎಂಬುದು ಗೊತ್ತಾದರೆ ಸಾಕು, ಆ ದಿಕ್ಕಿನವರು ಅಂದು ಹೊಲಕ್ಕೆ ಇಳಿಯದೆ ಉಳಿಯುತ್ತಾರೆ. ಇದಕ್ಕಾಗಿ ನಾನೂ ನನ್ನ ದೊಡ್ಡಪ್ಪನ ಮಗ ಮುನಿರಾಜುವೂ ಸೇರಿ ‘ಆನೆ ಸುದ್ದಿ’ ಎಂಬ ಜಾಲಪುಟವೊಂದನ್ನು ಮಾಡಿದ್ದೆವು. ಅರಣ್ಯ ಇಲಾಖೆಯ ಕಾವಲುಗಾರ ವೆಂಕಟಪ್ಪ ಬೆಳಕು ಹರಿಯುವಾಗ ಹಿಂಡನ್ನು ನೋಡಿ ಮುನಿರಾಜುವಿಗೆ ಫೋನ್ ಮಾಡುತ್ತಿದ್ದ. ಮುನಿರಾಜು ಮೊದಲ ಪಾಳಿಗೆ ಫ್ಯಾಕ್ಟರಿ ಬಸ್ಸು ಹತ್ತುವ ಮುನ್ನ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಎರಡೆರಡು ಸಾಲು ಬರೆದು ಹಾಕುತ್ತಿದ್ದ. ಹೊಸೂರು ಕಡೆ, ಕೆಲಮಂಗಲ ಕಡೆ, ಸೂಳಗಿರಿ ಕಡೆ: ಇಷ್ಟೇ ಸುದ್ದಿ. ಸೂಳಗಿರಿ ಕಡೆ ಎಂದರೆ ನಮ್ಮ ಕಡೆ. ಕಾಡಂಚಿನಲ್ಲಿ ಫೋನ್ ಕರೆ ಸಿಕ್ಕರೂ ಇಂಟರ್ನೆಟ್ ತೀರ ತೆಳು. ಧ್ವನಿ ಸಂದೇಶ, ಚಿತ್ರ ಯಾವುದೂ ತಲುಪುತ್ತಿರಲಿಲ್ಲ. ಅಕ್ಷರಗಳು ಮಾತ್ರ ಹೇಗೋ ನುಸುಳಿ ಬರುತ್ತಿದ್ದವು.

ಕನ್ನಡದ ಆ ಎರಡು ಸಾಲುಗಳನ್ನು ತಪ್ಪದೆ ಓದುತ್ತಿದ್ದವರಲ್ಲಿ ನನ್ನ ಚಿಕ್ಕಮ್ಮ ಗೌರಮ್ಮ ಒಬ್ಬಳು. ಕನ್ನಡ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಓದಿದ್ದವಳು. ಮೂರು ಭಾಷೆಯನ್ನೂ ಮಾತಾಡಿದರೂ ಓದಲು ಬರುತ್ತಿದ್ದುದು ಕನ್ನಡವೊಂದೇ. ಕಾಡಿಗೆ ತಾಗಿದಂತೆಯೇ ಅವಳ ರಾಗಿ ಹೊಲ. ಬೆಳಿಗ್ಗೆ ಕನ್ನಡಕ ಏರಿಸಿ, ತುಟಿ ಅಲ್ಲಾಡಿಸುತ್ತ ಅಕ್ಷರ ಕೂಡಿಸಿ ಓದಿ, ಆಮೇಲೆಯೇ ಕುಡುಗೋಲು ಮುಟ್ಟುತ್ತಿದ್ದಳು.

ಆ ವರ್ಷ ಸರ್ಕಾರದ ಯೋಜನೆಯೊಂದು ಹೊರಬಿತ್ತು. ಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಕಾಪಾಡುವುದಕ್ಕಾಗಿ ಇಂಟರ್ನೆಟ್ ಒದಗಿಸುವ ಪ್ರತಿಯೊಂದು ಕಂಪನಿಯೂ ಸರ್ಕಾರ ಕೊಟ್ಟ ಪದಗಳ ಪಟ್ಟಿಯಂತೆ ಪುಟಗಳನ್ನು ಕಡ್ಡಾಯವಾಗಿ ಸೋಸಿ ಜನರಿಗೆ ತಲುಪಿಸಬೇಕು ಎಂಬುದು ಅದರ ತಿರುಳು. ಪ್ರಯೋಗಕ್ಕೆ ಆರಿಸಿದ ಪ್ರದೇಶಗಳಲ್ಲಿ ನಮ್ಮದೂ ಒಂದು. ಪಟ್ಟಿಯಲ್ಲಿ ಯಾವ ಪದಗಳಿವೆ ಎಂಬುದನ್ನು ಗುಟ್ಟಾಗಿಟ್ಟದ್ದು ಮೊದಲ ತಪ್ಪು. ತಮಿಳುನಾಡಿನ ಅಂಚಿನ ಕನ್ನಡವನ್ನು ಬಲ್ಲ ಒಬ್ಬರನ್ನೂ ಕೇಳದೆ ಕನ್ನಡದ ಪಟ್ಟಿ ಮಾಡಿದ್ದು ಎರಡನೆಯದು. ನಾನು ಊರೂರು ತಿರುಗಿ, ಹಾಲಿನ ಡೈರಿಗಳ ಮುಂದೆ ನಿಂತು ಇದನ್ನು ಹೇಳತೊಡಗಿದೆ. ಜನ ಕೇಳಿಸಿಕೊಂಡರು, ಹಾಲು ಅಳೆದುಕೊಟ್ಟು ಹೋದರು. ಕೆಟ್ಟದ್ದನ್ನು ಸೋಸಿದರೆ ಇವಳಿಗೇನು ಕಷ್ಟ ಎಂಬ ಪ್ರಶ್ನೆ ಅವರ ಮುಖದಲ್ಲಿತ್ತು.

ಚಿಕ್ಕಮ್ಮನಿಗೆ ಮಾತ್ರ ಒಂದೇ ಸಲಕ್ಕೆ ಅರ್ಥವಾಯಿತು. ಅಂಗಳದಲ್ಲಿ ಕೂತು ಹಳೆಯ ರಾಗಿಯನ್ನು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಜರಡಿ ಅನ್ನು. ಹಿಡಿಯೋನು ರಾಗಿ ಕಂಡವ್ನಾ?”

“ಕಂಡಿರಲಿಕ್ಕಿಲ್ಲ ಚಿಕ್ಕಮ್ಮ.”

“ಇನ್ನೇನು ಮತ್ತೆ! ರಾಗಿ ಕಾಣದೋನ ಕೈಗೆ ಜರಡಿ ಕೊಟ್ರೆ, ಕೆಳಗೆ ಬಿದ್ದಿದ್ದೆಲ್ಲ ಕಸ ಅಂದ್ಕೊಂಡು ಗುಡಿಸಾಕ್ಬುಡ್ತಾನೆ. ಮೇಲಿರೋ ಕಲ್ನ ಡಬ್ಬಕ್ಕೆ ತುಂಬ್ಕೊತಾನೆ.”

ನಾನು ಬರೆದ ಎಷ್ಟೋ ಕರಪತ್ರಗಳಲ್ಲಿ ಇಷ್ಟು ಸರಿಯಾದ ಮಾತು ಇರಲಿಲ್ಲ.

ತೆನೆ ಕೊಯ್ಲು ಶುರುವಾದ ವಾರವೇ ಪುಟ ಮುಚ್ಚಿತು. ಕನ್ನಡದ ಪುಟ ಒತ್ತಿದರೆ ಬೂದುಬಣ್ಣದ ಪರದೆ, ಅದರ ನಡುವೆ ‘ಈ ಪುಟದಲ್ಲಿ ಅನುಚಿತ ಪದವಿದೆ’ ಎಂಬ ಒಂದು ಸಾಲು. ಮೊದಲು ಫೋನ್ ಮಾಡಿದವಳು ಚಿಕ್ಕಮ್ಮ.

“ಏನೇ ಸೈಲು, ಏನ್ ಬರ್ದಿದ್ದೀಯೇ ಅದ್ರಾಗೆ? ಅನುಚಿತ ಅಂತೈತೆ! ಪಾಠ ಹೇಳೋಳಾಗಿ ಇಂಥವೆಲ್ಲ ಬರೀತಾರೇನೇ?”

“ನಾನೇನೂ ಬರೆದಿಲ್ಲ ಚಿಕ್ಕಮ್ಮ. ಆನೆ ಎಲ್ಲಿದೆ ಅಂತ ಅಷ್ಟೇ.”

“ಆನೆ ಅನ್ನೋದು ಯಾವಾಗಿಂದ ಕೆಟ್ಟ ಮಾತಾಯ್ತೇ?”

ಮುನಿರಾಜು ಫ್ಯಾಕ್ಟರಿ ಬಸ್ಸು ನಿಲ್ಲುವ ಟೀ ಅಂಗಡಿಯಲ್ಲಿ ಕೂತು ಒಂದೊಂದೇ ಪದ ಅಳಿಸಿ ನೋಡಿದ. ಆನೆ ಅಳಿಸಿದ, ಮರಿ ಅಳಿಸಿದ, ಹಿಂಡು ಅಳಿಸಿದ. ಪರದೆ ಬೂದಾಗಿಯೇ ಇತ್ತು. ಕೊನೆಗೆ ಊರಿನ ಹೆಸರು ಅಳಿಸಿದ. ಪುಟ ತಟ್ಟನೆ ತೆರೆದುಕೊಂಡಿತು.

“ಅಕ್ಕಾ, ನಮ್ ಸೂಳಗಿರಿನೇ ಬೈಗುಳ ಅಂತೆ ಕಣಕ್ಕೋ!” ಎಂದು ಅವನು ಫೋನಿನಲ್ಲಿ ಕೂಗಿದಾಗ ಹಿಂದೆ ಟೀ ಅಂಗಡಿಯೆಲ್ಲ ನಗುತ್ತಿತ್ತು. “ಇನ್ಮೇಲೆ ಬಸ್ಸಾಗೆ ಟಿಕೆಟ್ ಹೆಂಗೆ ಕೇಳೋದ್ಲಾ? ಕಂಡಕ್ಟ್ರು ಕೆನ್ನೆಗೆ ಬಾರಿಸ್ಬುಟ್ಟಾನು!” ಎಂದು ಯಾರೋ ಅನ್ನುತ್ತಿದ್ದರು. “ನಮ್ ಮಾವನ ಮನೆ ಅಲ್ಲೇ ಕಣ್ಲಾ. ಹೆಣ್ ಕೊಟ್ಟೋರು ಎಲ್ಲಿ ಅಂದ್ರೆ ಏನಂತ ಹೇಳ್ಲಿ?” ಎಂದು ಇನ್ನೊಬ್ಬರು.

ನಾನೂ ನಕ್ಕೆ. ಆಮೇಲೆ ನಗು ಉಳಿಯಲಿಲ್ಲ. ಸೂಳೆ ಎಂಬುದು ಶತಮಾನಗಳಿಂದ ಹೆಣ್ಣಿನ ಮೇಲೆ ಎಸೆಯುತ್ತ ಬಂದಿರುವ ಮಾತು. ಆ ಮಾತನ್ನು ಎಸೆಯುವ ಬಾಯಿಗಳನ್ನು ಯಾವ ಯಂತ್ರವೂ ಹಿಡಿಯಲಿಲ್ಲ. ಅದನ್ನು ಹೋಲುವ ಎರಡು ಅಕ್ಷರಗಳು ಬೆಟ್ಟವೊಂದರ ಹೆಸರಿನಲ್ಲಿ ಕಂಡದ್ದೇ ತಡ, ಒಬ್ಬ ಹೆಣ್ಣುಮಗಳು ಆನೆಯಿಂದ ತಪ್ಪಿಸಿಕೊಳ್ಳಲು ಓದುತ್ತಿದ್ದ ಸಾಲನ್ನು ಹೆಣ್ಣಿನ ಮಾನ ಕಾಯುವ ಹೆಸರಿನಲ್ಲೇ ಅಳಿಸಿದರು. ಇದು ಮೂರನೆಯ ತಪ್ಪು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ನಾಚಿಕೆಗೇಡಿನದು.

ಶೂಲದಂಥ ಬೆಟ್ಟ ಇರುವುದರಿಂದ ಆ ಹೆಸರು ಬಂತೆನ್ನುತ್ತಾರೆ. ಹಾಗಾದರೆ ‘ಶೂಲಗಿರಿ’ ಎಂದೇ ಬರೆಯೋಣವೆಂದು ಮುನಿರಾಜು ಬರೆದು ನೋಡಿದ. ಪರದೆ ಮತ್ತೆ ಬೂದಾಯಿತು. ಈ ಸಲದ ಸಾಲು ಬೇರೆ: ‘ಈ ಪುಟದಲ್ಲಿ ಹಿಂಸೆಗೆ ಪ್ರಚೋದಿಸುವ ಪದವಿದೆ’. ಶೂಲ ಆಯುಧವಂತೆ. ಒಂದು ಬಾಗಿಲಲ್ಲಿ ನಾವು ಅಶ್ಲೀಲರು, ಇನ್ನೊಂದು ಬಾಗಿಲಲ್ಲಿ ಕೊಲೆಗಡುಕರು.

ಆಕ್ಷೇಪಣೆಗೆ ಒಂದು ಅರ್ಜಿ ಪುಟವಿತ್ತು. ಸಲ್ಲಿಸುವವರು ತಮ್ಮ ಪೂರ್ತಿ ವಿಳಾಸ ಬರೆಯಲೇಬೇಕು. ನಾನು ಕನ್ನಡದಲ್ಲಿ ‘ಸೂಳಗಿರಿ ತಾಲ್ಲೂಕು’ ಎಂದು ಸೇರಿಸಿ ವಿಳಾಸ ಬರೆದೆ. ಅರ್ಜಿಯಲ್ಲಿ ಅನುಚಿತ ಪದವಿರುವುದರಿಂದ ಸ್ವೀಕರಿಸಲಾಗದು ಎಂದು ಉತ್ತರ ಬಂತು. ನಮ್ಮ ಸುತ್ತಿನಲ್ಲಿ ಕನ್ನಡದಲ್ಲಿ ಅರ್ಜಿ ತುಂಬಿದ ಪ್ರತಿಯೊಬ್ಬರಿಗೂ ಅದೇ ಉತ್ತರ. ನಾವು ಎಲ್ಲಿ ಬದುಕುತ್ತೇವೆ ಎಂದು ಹೇಳಿದರೇ ನಮ್ಮ ದೂರು ಅಸಭ್ಯವಾಗುತ್ತಿತ್ತು.

ಹೊಸೂರಿನಲ್ಲಿ ಈ ಪ್ರಯೋಗದ ಉಸ್ತುವಾರಿಯ ಅಧಿಕಾರಿಯೊಬ್ಬರನ್ನು ಹೋಗಿ ಕಂಡೆ. ಕೂರಿಸಿ, ನೀರು ತರಿಸಿಕೊಟ್ಟರು. ನನ್ನ ಮುಂದೆಯೇ ‘ಆನೆ ಸುದ್ದಿ’ಯನ್ನು ತೆರೆದು ನೋಡಿದರು. ತಮಿಳಿನದು ತೆರೆಯಿತು. ತಮಿಳಿನಲ್ಲಿ ಆ ಹೆಸರಿನೊಳಗೆ ಯಾವ ಬೈಗುಳವೂ ಇಲ್ಲ.

“ತಮಿಳ್ ಪೇಜ್ ನಲ್ಲಾ ಓಪನ್ ಆಗುದೇ ಮೇಡಂ. ಅದೈಯೇ ಪಡಿಕ್ಕ ಸೊಲ್ಲುಂಗ.” ತಮಿಳಿನ ಪುಟ ಚೆನ್ನಾಗಿ ತೆರೆಯುತ್ತದಲ್ಲ, ಅದನ್ನೇ ಓದಲು ಹೇಳಿ ಎಂಬ ಸಲಹೆ.

“ತಮಿಳು ಓದಲು ಬಾರದವರು ಏನು ಮಾಡಬೇಕು ಸಾರ್?”

ಅವರು ಬೇಸರದಿಂದ ಅಲ್ಲ, ನಿಜವಾದ ಅಚ್ಚರಿಯಿಂದ ನನ್ನನ್ನು ನೋಡಿದರು. ಕನ್ನಡವನ್ನಷ್ಟೇ ಓದಬಲ್ಲವರು ತಮ್ಮ ಕಚೇರಿಯಿಂದ ಒಂದು ಬಸ್ಸಿನ ದೂರದಲ್ಲಿ ಇದ್ದಾರೆಂಬುದು ಅವರ ಲೆಕ್ಕಕ್ಕೆ ಎಂದೂ ಬಂದಿರಲಿಲ್ಲ. ಕೃಷ್ಣಗಿರಿಯಲ್ಲಿ ಅಭಿಪ್ರಾಯ ಸಂಗ್ರಹ ಸಭೆಯಿದೆ, ಅಲ್ಲಿ ಕಾಗದದಲ್ಲೇ ಕೊಡಿ ಎಂದರು. ಸಭೆಗೆ ಇನ್ನೂ ದಿನಗಳಿದ್ದವು. ಆನೆಗಳು ಅಷ್ಟು ದಿನ ಕಾಯುವಂತಿರಲಿಲ್ಲ.

ಪುಟವಿಲ್ಲದ ಆ ದಿನಗಳಲ್ಲಿ ಜನ ಮಂಜಿನಲ್ಲಿ ನಿಂತು, ಕಾಡಿನ ಕಡೆ ಕಿವಿಗೊಟ್ಟು, ಊಹೆಯ ಮೇಲೆ ಹೊಲಕ್ಕೆ ಹೋದರು. ಕೊಯ್ಯದೆ ಬಿಟ್ಟರೆ ತೆನೆ ಉದುರುತ್ತದೆ, ಕೊಯ್ಯಲು ಹೋದರೆ ಎದುರಿಗೆ ಏನಿದೆಯೋ ತಿಳಿಯದು. ನಾನು ಹೆಸರನ್ನು ಬದಲಿಸುವುದಿಲ್ಲವೆಂದು ಹಟ ಹಿಡಿದಿದ್ದೆ. ನಮ್ಮ ನೆಲದ ಹೆಸರು ಬೈಗುಳವೆಂದು ನಾವೇ ಒಪ್ಪಿಕೊಂಡರೆ ಹೋರಾಟಕ್ಕೆ ಏನು ಉಳಿಯಿತು ಎಂದು ವಾದಿಸಿದೆ. ಚಿಕ್ಕಮ್ಮ ಒಂದು ಸಂಜೆ ನನ್ನನ್ನು ತಡೆದಳು.

“ನಿನ್ ನ್ಯಾಯ ಆಮೇಲ್ ಮಾಡ್ಕೊಳ್ಳಮ್ಮಿ. ಆನೆ ಎಲ್ಲೈತೆ ಅದನ್ ಹೇಳು ಮೊದ್ಲು. ತೆನೆ ನಿಂತದೆ, ನಾನು ಹೊಲಕ್ಕೆ ಹೋಗ್ಲೋ ಬ್ಯಾಡ್ವೋ?”

ಮಾರನೆಯ ದಿನ ನಾನೇ ಮುನಿರಾಜುವಿಗೆ ಹೇಳಿದೆ: ಹೆಸರಿನ ಮೊದಲ ಎರಡು ಅಕ್ಷರ ಬಿಟ್ಟುಬಿಡು, ‘ಗಿರಿ’ ಎಂದಷ್ಟೇ ಬರಿ. ಪುಟ ತೆರೆಯಿತು. ಡೈರಿಯ ಮುಂದೆ ಜನರನ್ನು ಸೇರಿಸಿ, ಇನ್ನು ಮೇಲೆ ಗಿರಿ ಎಂದರೆ ನಮ್ಮ ಸೂಳಗಿರಿ ಎಂದು ತಿಳಿಸಿದೆ. ಮನೆಮನೆಯ ಪಟ್ಟಿ ಮಾಡಿ, ಕೇಳಿಸಿಕೊಂಡವರ ಹೆಸರಿಗೆ ಗುರುತು ಹಾಕಿದೆ. ಚಿಕ್ಕಮ್ಮ ಅಂದು ಕೆಲಮಂಗಲದ ಸಂತೆಗೆ ಹೋಗಿದ್ದಳು. ಮನೆಯವಳೇ ತಾನೆ, ಸಂಜೆ ಹೇಳಿದರಾಯಿತು ಎಂದುಕೊಂಡೆ. ಸಂಜೆ ಕೃಷ್ಣಗಿರಿಯ ಸಭೆಗೆಂದು ಮನವಿ ಬರೆಯಲು ಕೂತೆ. ಸರ್ಕಾರದ ತಪ್ಪುಗಳನ್ನು ಒಂದೂ ಬಿಡದಂತೆ ಬರೆದೆ. ಬರೆದು ಮುಗಿಸಿದಾಗ ಅವಳ ಮನೆಯ ದೀಪ ಆರಿತ್ತು.

ಮರುದಿನವೇ ಸಭೆ. ಬೆಳಗಿನ ಮಂಜು ದಟ್ಟವಾಗಿತ್ತು. ಊರವರು ಕಾಗದದ ಮೇಲೆ ಸಹಿ ಹಾಕಿ ಕೊಟ್ಟ ಆಕ್ಷೇಪಣೆಗಳ ಕಟ್ಟನ್ನು ಎದೆಗವಚಿಕೊಂಡು ಬಸ್ಸಿಗೆ ನಿಂತಿದ್ದೆ. ಚಿಕ್ಕಮ್ಮ ತಲೆಗೆ ಟವೆಲು ಸುತ್ತಿ, ಕುಡುಗೋಲು ಹಿಡಿದು ಹೊಲದ ಕಡೆ ಹೊರಟಿದ್ದಳು. ತುಂಬ ದಿನದ ಮೇಲೆ ಅವಳ ಮುಖ ಗೆಲುವಾಗಿತ್ತು.

“ಗಿರಿಗೆ ಹೋಗ್ಬುಟ್ಟವಂತೆ ಕಣೇ ಆನೆಗೋಳು! ಈಗಷ್ಟೇ ಓದ್ದೆ. ಪೀಡೆ ತೊಲಗ್ತು. ನೀನೂ ಗಿರಿಗೇ ತಾನೆ ಹೋಗೋದು? ಹುಷಾರು, ಬಸ್ನಾಗೆ ಸೀಟ್ ಹಿಡ್ಕೊಂಡು ಕೂತಿರ್ತವೆ!”

ನಾನು ಜೋರಾಗಿ ನಕ್ಕೆ. ಇದನ್ನು ಬರೆಯುವುದು ನನಗೆ ಎಲ್ಲಕ್ಕಿಂತ ಕಷ್ಟ. ಆ ಮಾತನ್ನು ನಾನು ಕಿವಿಯಾರೆ ಕೇಳಿದೆ, ಕೇಳಿ ನಕ್ಕೆ. ನನ್ನ ತಲೆಯಲ್ಲಿ ಮನವಿಯ ಮೊದಲ ವಾಕ್ಯ ಓಡುತ್ತಿತ್ತು. “ಬತ್ತೀನಿ ಕಣಮ್ಮಿ, ಚೆನ್ನಾಗಿ ಮಾತಾಡು, ಹೆದ್ರಬ್ಯಾಡ,” ಎಂದು ಅವಳು ಮಂಜಿನೊಳಕ್ಕೆ ನಡೆದಳು. ಬಸ್ಸು ಬಂತು.

ಸೂಳಗಿರಿಯ ನಿಲ್ದಾಣದಲ್ಲಿ ಬಸ್ಸು ನಿಂತಾಗ ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಜನರನ್ನು ಕರೆಯತೊಡಗಿದ: “ಗಿರಿ, ಗಿರಿ, ಗಿರಿ! ಕೃಷ್ಣಗಿರಿ! ಗಿರಿ, ಗಿರಿ!” ನಾನು ಹುಟ್ಟಿದಾಗಿನಿಂದ ಕೇಳುತ್ತ ಬಂದ ಕೂಗು ಅದು. ನಮ್ಮ ಕಡೆ ಬಸ್ಸು ಹತ್ತುವ ಯಾರಿಗೇ ಆಗಲಿ ಗಿರಿ ಎಂದರೆ ಕೃಷ್ಣಗಿರಿ. ಚಿಕ್ಕಮ್ಮ ಹೇಳಿದ್ದೂ ಅದನ್ನೇ. ಆನೆಗಳು ನಮ್ಮನ್ನೆಲ್ಲ ದಾಟಿ ಅಷ್ಟು ದೂರ ಹೋಗಿವೆ, ಹೊಲ ಖಾಲಿಯಿದೆ ಎಂದು ಅವಳು ಓದಿಕೊಂಡಿದ್ದಳು. ಫೋನಿನಲ್ಲಿ ಪುಟ ತೆರೆದೆ. ‘ಐದು ಆನೆ ಗಿರಿ ಕಡೆ ಹೋಗಿವೆ’ ಎಂದು ಮುನಿರಾಜು ಬರೆದಿದ್ದ. ನಮ್ಮ ಕಡೆ ಎಂದು. ಅವಳ ಹೊಲದ ಕಡೆ ಎಂದು.

ಅವಳ ಫೋನು ಬಡಿದುಕೊಂಡಿತು, ಬಡಿದುಕೊಂಡು ನಿಂತಿತು. ಹೊಲದಲ್ಲಿ ಅವಳು ಫೋನನ್ನು ಬಟ್ಟೆಚೀಲದಲ್ಲಿಟ್ಟು ಹೊಂಗೆಮರಕ್ಕೆ ನೇತುಹಾಕುವುದು ನನಗೆ ಗೊತ್ತಿತ್ತು. ಮತ್ತೆ ಮಾಡಿದೆ. ವೆಂಕಟಪ್ಪನಿಗೆ ಮಾಡಿ ಏನು ಹೇಳಿದೆನೋ ತಿಳಿಯದು. “ಅಲ್ಲಿ ಯಾಕ್ ಹೋದ್ರಮ್ಮ? ಬರ್ದಿದ್ವಲ್ಲ!” ಎಂದು ಅವನು ಓಡುತ್ತಲೇ ಕೂಗಿದ. ನಾನು ಬಸ್ಸಿನಿಂದ ಹಾರಿದೆ. ಎದುರು ಬಂದ ಟೊಮೆಟೊ ಗಾಡಿಯನ್ನು ಅಡ್ಡಗಟ್ಟಿ ಹತ್ತಿದೆ. ಆಕ್ಷೇಪಣೆಯ ಕಟ್ಟು ಸೀಟಿನ ಮೇಲೆಯೇ ಉಳಿದು ತನ್ನಷ್ಟಕ್ಕೆ ಕೃಷ್ಣಗಿರಿಗೆ ಹೋಯಿತು.

ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊಯ್ದು ಕಟ್ಟಿಟ್ಟಿದ್ದ ರಾಗಿಯ ಸಿವುಡುಗಳು ಚೆಲ್ಲಾಡಿದ್ದವು. ವೆಂಕಟಪ್ಪ ಪಟಾಕಿ ಹಚ್ಚಿ, ಮೆಣಸಿನಕಾಯಿಯ ಹೊಗೆ ಹಾಕಿ ಹಿಂಡನ್ನು ಅಟ್ಟಿದ್ದ. ಆ ಘಾಟಿನ ನಡುವೆ ಚಿಕ್ಕಮ್ಮ ಬದುವಿನ ಪಕ್ಕ ಮಲಗಿದ್ದಳು. ಓಡಲು ತಿರುಗಿದವಳನ್ನು ಸೊಂಡಿಲು ಎತ್ತಿ ಬದುವಿನ ಕಲ್ಲಿನ ಮೇಲೆ ಬೀಸಿತ್ತಂತೆ. ಸೊಂಟದ ಕೆಳಗೆ ಕಾಲುಗಳು ಇರಬಾರದ ದಿಕ್ಕಿಗೆ ತಿರುಗಿದ್ದವು. ಕಣ್ಣು ತೆರೆದೇ ಇತ್ತು. ಮರದ ಮೇಲಿನ ಚೀಲದಲ್ಲಿ ಫೋನು ಮತ್ತೆ ಮೊಳಗುತ್ತಿತ್ತು. ಈ ಸಲ ಮುನಿರಾಜು ಇರಬೇಕು.

ಆಸ್ಪತ್ರೆಯಲ್ಲಿ ಅವಳಿಗೆ ಮಾತಾಡುವಷ್ಟು ತ್ರಾಣ ಬಂದದ್ದು ಎಷ್ಟೋ ದಿನಗಳ ಮೇಲೆ. ಹಾಸಿಗೆಯ ಪಕ್ಕ ಕೂತು ನಾನು ಎಲ್ಲವನ್ನೂ ಹೇಳಿದೆ. ಗುಟ್ಟಿನ ಪಟ್ಟಿ, ಅಶ್ಲೀಲದ ಬಾಗಿಲು, ಆಯುಧದ ಬಾಗಿಲು, ವಿಳಾಸ ಕಂಡರೆ ದೂರು ತಳ್ಳುವ ಅರ್ಜಿ, ನೀರು ಕೊಟ್ಟು ಕಳಿಸಿದ ಅಧಿಕಾರಿ. ಯಾರ ಯಾರ ತಪ್ಪು ಎಂಬುದನ್ನು ಸಾಲಾಗಿ ಒಪ್ಪಿಸಿದೆ. ಅವಳು ಚಾವಣಿ ನೋಡುತ್ತ ಕೇಳಿಸಿಕೊಂಡಳು.

“ಪೂರ್ತಿ ಬರ್ದಿದ್ರೆ ನಾನು ಹೋಗ್ತಿರ್ಲಿಲ್ಲ ಕಣೇ.”

“ಪೂರ್ತಿ ಬರೆದರೆ ಅವರು ಬಿಡುತ್ತಿರಲಿಲ್ಲ ಚಿಕ್ಕಮ್ಮ. ಪುಟವೇ ತೆರೆಯುತ್ತಿರಲಿಲ್ಲ.”

“ತೆರೀದಿದ್ರೆ ಹೆದ್ರುಕೊಂಡು ನಾಕ್ ಕಡೆ ನೋಡ್ಕೊಂಡು ಹೋಗ್ತಿದ್ದೆ. ನೀನು ಬರ್ದಿದ್ದು ನಂಬ್ಕೊಂಡು ಹೋದೆ.” ಮುಖವನ್ನು ನನ್ನ ಕಡೆ ತಿರುಗಿಸಿ ಕೇಳಿದಳು: “ಜರಡಿ ಅವ್ರ ಕೈಯಾಗೈತೆ ಅಂತಿದ್ದೆ. ನಿನ್ ಕೈಗೆ ಯಾವಾಗ ಬಂತೇ?”

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಕಡ್ಡಾಯ ಸೋಸುವಿಕೆಯ ಬಗ್ಗೆ ನಾನು ಮಾಡಿದ ಭಾಷಣಗಳಲ್ಲಿ ಒಂದು ಮಾತನ್ನು ಹೇಳಿರಲಿಲ್ಲ, ಏಕೆಂದರೆ ಅದು ನನಗೇ ತಿಳಿದಿರಲಿಲ್ಲ. ಅವರು ಪುಟವನ್ನು ಮುಚ್ಚುತ್ತಾರೆ, ಅಷ್ಟೇ. ಅದನ್ನು ತೆರೆಸಿಕೊಳ್ಳಲು ನಮ್ಮ ಹೆಸರನ್ನು ಎಲ್ಲಿ ಕತ್ತರಿಸಬೇಕೆಂಬುದನ್ನು ನಾವೇ ಹುಡುಕುತ್ತೇವೆ, ನಾವೇ ಕತ್ತರಿಸುತ್ತೇವೆ. ಉಳಿದ ಮೋಟು ಪದ ಯಾರನ್ನು ಎಲ್ಲಿಗೆ ಕರೆದೊಯ್ಯುತ್ತದೆಂದು ಕೇಳುವುದಿಲ್ಲ. ಕತ್ತರಿಸಿದ್ದು ನಾನು. ಪಟ್ಟಿಯಲ್ಲಿ ಗುರುತಿಲ್ಲದೆ ಉಳಿದ ಒಂದೇ ಹೆಸರನ್ನು ಸಂಜೆಗೆ ತಳ್ಳಿದ್ದೂ ನಾನು. ಈ ತಪ್ಪಿಗೆ ಸಂಖ್ಯೆ ಕೊಡಲು ನನಗೆ ಮನಸ್ಸು ಬರುತ್ತಿಲ್ಲ.

ಕೃಷ್ಣಗಿರಿಯ ಸಭೆಯ ವರದಿ ಆಮೇಲೆ ಕೈಗೆ ಬಂತು. ನಮ್ಮ ಭಾಗದಿಂದ ಒಂದೂ ಆಕ್ಷೇಪಣೆ ಬಂದಿಲ್ಲವೆಂದು ಅದರಲ್ಲಿತ್ತು. ಪ್ರಯೋಗ ಯಶಸ್ವಿಯಾಗಿದೆಯೆಂದೂ ವಿಸ್ತರಿಸಬಹುದೆಂದೂ ಇತ್ತು. ವಿಸ್ತರಿಸಿದರು. ನಾನು ಮತ್ತೆ ಬರೆದೆ, ಮತ್ತೆ ಹೋದೆ, ಬೇರೆ ಬೇರೆ ಕುರ್ಚಿಗಳ ಮುಂದೆ ಕೂತು ಅದೇ ನೀರು ಕುಡಿದೆ. ಪಟ್ಟಿ ಇಂದಿಗೂ ಗುಟ್ಟಾಗಿದೆ. ಆ ಹೆಸರು ಇಂದಿಗೂ ಅನುಚಿತವಾಗಿದೆ. ಈ ಬರಹ ಅಚ್ಚಾಗಿ ನಿಮ್ಮ ಕೈಗೆ ಬರಬಹುದು. ಪರದೆಯ ಮೇಲೆ ಹಾಕಿದರೆ ನಮ್ಮೂರಿನಲ್ಲಿ ಮಾತ್ರ ಅದು ತೆರೆಯುವುದಿಲ್ಲ.

‘ಆನೆ ಸುದ್ದಿ’ಯ ಕನ್ನಡ ಪುಟವನ್ನು ನಾವು ನಿಲ್ಲಿಸಿದೆವು. ಈಗ ಮುನಿರಾಜು ಮೊದಲು ಚಿಕ್ಕಮ್ಮನಿಗೆ ಫೋನ್ ಮಾಡುತ್ತಾನೆ. ಅವಳಿಂದ ಪಕ್ಕದ ಮನೆಗೆ, ಅಲ್ಲಿಂದ ಮುಂದಿನ ಮನೆಗೆ ಬಾಯಿಂದ ಬಾಯಿಗೆ ಸುದ್ದಿ ಹೋಗುತ್ತದೆ. ಹೊಲವನ್ನು ಬೇರೆಯವರು ವಾರಕ್ಕೆ, ಬೆಳೆಯಲ್ಲಿ ಪಾಲು ಕೊಟ್ಟು, ಮಾಡುತ್ತಿದ್ದಾರೆ. ಅವಳು ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಮಂಚಕ್ಕೆ ಊರುಗೋಲು ಹಿಡಿದು ನಡೆಯಬಲ್ಲಳು. ರಾಗಿ ಜರಡಿ ಹಿಡಿಯಲು ನೆಲಕ್ಕೆ ಕೂರಲಾರಳು.

ಹೋದ ವಾರ ನಾನು ಕೆಮ್ಮುತ್ತ ಒಳಗೆ ಹೋದಾಗ ಫೋನು ಮೊಳಗಿತು. ಅವಳು ಅದನ್ನು ಬಾಯಿಯ ಹತ್ತಿರ ಹಿಡಿದುಕೊಂಡಳು.

“ಯಾವ ಗಿರಿ ಲಾ? ಪೂರ್ತಿ ಹೇಳು… ಹ್ಞೂಂ. ಇನ್ನೊಂದ್ ಸಲ ಹೇಳು.” ಇಟ್ಟು ನನ್ನ ಕಡೆ ತಿರುಗಿದಳು. “ನಮ್ ಕಡೆಗೇ ಬತ್ತಾ ಅವೆ. ಸೈಲು, ಪಕ್ಕದ್ಮನೆಯೋರ್ಗೆ ಒಂದ್ ಕೂಗು ಹಾಕೇ. ನಂಗೆ ಬಿರ್‍ನೆ ಏಳೋಕಾಗಲ್ಲ.”

ನಾನು ಬೇಲಿಯ ಹತ್ತಿರ ಓಡಿದೆ. ಆಚೆ ಮನೆಯ ಹೆಂಗಸು ಆಗಲೇ ಟವೆಲು ಸುತ್ತಿಕೊಂಡು ಕುಡುಗೋಲು ಹಿಡಿದು ಹೊರಟಿದ್ದಳು. “ಆನೆಗಳು…” ಎಂದು ಕೂಗಿದೆ. ಅವಳು ತಿರುಗಿ ನಿಂತಳು. ಆ ಹೆಸರಿನ ಮೊದಲ ಅಕ್ಷರದ ಹತ್ತಿರ ಬಂದ ನನ್ನ ನಾಲಿಗೆ, ಯಾರೂ ತಡೆಯದಿದ್ದರೂ, ತಾನಾಗಿ ನಿಂತಿತು. ಆ ಹೆಂಗಸು ನನ್ನ ಬಾಯನ್ನೇ ನೋಡುತ್ತಿದ್ದಳು. ಹೊಗೆ ಇಬ್ಬರ ನಡುವೆ ಹಾಯುತ್ತಿತ್ತು.

ಬೆನ್ನ ಹಿಂದೆ ಊರುಗೋಲು ನೆಲಕ್ಕೆ ಬಡಿದ ಸದ್ದು ಕೇಳಿತು.

“ಪೂರ್ತಿ,” ಎಂದಳು ಚಿಕ್ಕಮ್ಮ.